ಚಲಚ್ಚಿತ್ರಗಳ ಭವಿಷ್ಯವೂ ಮೂಲಪ್ರತಿಯ ಪ್ರಶ್ನೆಯೂ

ಚಲಚ್ಚಿತ್ರಗಳ ಮುಂದಿನ ಗತಿಯೇನೆಂಬ ವಿಚಾರವು ಈಚೆಗೆ ಸಭೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಬಹುವಾಗಿ ಚರ್ಚಿತವಾಗುತ್ತಿದೆ. ನಟರಿಲ್ಲದೆ, ಕ್ಯಾಮೆರಾ ಇಲ್ಲದೆ, ಕೃತಕ ಬುದ್ಧಿಯ ಯಂತ್ರಗಳಿಂದಲೇ ಚಿತ್ರವನ್ನು ತಯಾರಿಸಬಹುದೆಂದು ಕೆಲವರು ಹರ್ಷಪಡುತ್ತಿದ್ದಾರೆ; ಅದರಿಂದ ಸಹಸ್ರಾರು ಜನರ ಅನ್ನಕ್ಕೆ ಸಂಚಕಾರ ಬಂದೀತೆಂದು ಮತ್ತೆ ಕೆಲವರು ಭಯಪಡುತ್ತಿದ್ದಾರೆ. ಈ ಭಯವು ನಿರಾಧಾರವಾದುದೆಂದು ನಾವು ಹೇಳಲಾರೆವು. 2023ರಲ್ಲಿ ಹಾಲಿವುಡ್ಡಿನ ಲೇಖಕರು 148 ದಿನಗಳೂ ನಟರು 118 ದಿನಗಳೂ ಮುಷ್ಕರ ಹೂಡಿದಾಗ ಅವರ ಕಾರಣಗಳಲ್ಲಿ ಇದೂ ಒಂದಾಗಿತ್ತು. ಆದರೆ ಉಭಯಪಕ್ಷದವರೂ ಇನ್ನು ಮುಂದೆ ಬರತಕ್ಕ ಚಿತ್ರಗಳನ್ನು ಕುರಿತೇ ವಾದಿಸುತ್ತಿರುವರೇ ಹೊರತು, ಈಗಾಗಲೇ ಇರುವ ಚಿತ್ರಗಳ ಗತಿಯೇನೆಂದು ಕೇಳುವವರು ವಿರಳ. ಹೊಸ ಯಂತ್ರವು ಬಂದಾಗಲೆಲ್ಲ ಹಳೆಯ ಚಿತ್ರಗಳಿಗೆ ಏನಾಯಿತೆಂಬುದನ್ನು ವಾಚಕ ಮಹಾಶಯರು ಒಮ್ಮೆ ನೆನೆಯಬೇಕೆಂದು ನಮ್ಮ ಪ್ರಾರ್ಥನೆ.

ಕನ್ನಡದ ಮೊದಲನೆಯ ವಾಕ್ಚಿತ್ರವಾದ 'ಸತೀ ಸುಲೋಚನಾ' 1934ನೆಯ ಇಸವಿ ಮಾರ್ಚಿ 3ನೆಯ ತಾರೀಖು ಬೆಂಗಳೂರಿನಲ್ಲಿ ತೆರೆಗೆ ಬಂದಿತು. ವೈ. ವಿ. ರಾಯರು ನಿರ್ದೇಶಿಸಿದರು, ರಂಗಭೂಮಿಯಲ್ಲಿ ಹೆಸರು ಪಡೆದ ಸುಬ್ಬಯ್ಯನಾಯ್ಡು ಅವರೂ ಆರ್. ನಾಗೇಂದ್ರರಾಯರೂ ಅಭಿನಯಿಸಿದರು, ಕನ್ನಡನಾಡಿನಲ್ಲಿ ಆಗ ಅನುಕೂಲವಿಲ್ಲದ್ದರಿಂದ ಕೊಲ್ಲಾಪುರಕ್ಕೆ ಹೋಗಿ ಚಿತ್ರವನ್ನು ತೆಗೆದರು. ಇಷ್ಟು ಶ್ರಮದಿಂದ ಆದ ಆ ಚಿತ್ರವನ್ನು ಇಂದು ನೋಡಬೇಕೆಂದರೆ ಒಂದು ಪ್ರತಿಯೂ ದೊರೆಯುವುದಿಲ್ಲ. ಅದಕ್ಕೆ ಮೂರು ವರ್ಷ ಮೊದಲು ಬಂದ ಭಾರತದ ಪ್ರಥಮ ವಾಕ್ಚಿತ್ರ 'ಆಲಂ ಆರಾ'ದ ಕಥೆಯೂ ಇದೇ. ಇವುಗಳನ್ನು ಶತ್ರುಗಳಾರೂ ನಾಶಮಾಡಲಿಲ್ಲ. ಮಾತನಾಡುವ ಚಿತ್ರ ಬಂದಮೇಲೆ ಮೂಕಚಿತ್ರವನ್ನು ಕೇಳುವವರಿರಲಿಲ್ಲ. ಬಣ್ಣದ ಚಿತ್ರ ಬಂದಮೇಲೆ ಕಪ್ಪುಬಿಳುಪಿಗೆ ಬೆಲೆಯಿರಲಿಲ್ಲ. ಸುರುಳಿಯಲ್ಲಿದ್ದ ಬೆಳ್ಳಿಯ ಅಂಶಕ್ಕೆ ಮಾತ್ರ ಬೆಲೆಯಿತ್ತು. ಅದಕ್ಕಾಗಿ ಎಷ್ಟೋ ಸುರುಳಿಗಳನ್ನು ತೂಕಕ್ಕೆ ಹಾಕಿ ಮಾರಿದರು. ಆ ಕಾಲದ ನೈಟ್ರೇಟ್ ಫಿಲಂ ಬೆಂಕಿಗೆ ಬಲು ಬೇಗ ತುತ್ತಾಗತಕ್ಕದ್ದು; ಬೆಂಕಿಯಿಂದ ಉಳಿದರೂ ತಾನೇ ಕೊಳೆತು ಪುಡಿಯಾಗತಕ್ಕದ್ದು. 2003ರ ಜನವರಿಯಲ್ಲಿ ಪುಣೆಯ ಉಗ್ರಾಣಕ್ಕೆ ಬೆಂಕಿ ಬಿದ್ದಾಗ, ಅಷ್ಟು ಕಷ್ಟದಿಂದ ಉಳಿದುಬಂದಿದ್ದವುಗಳಲ್ಲಿಯೂ ಹಲವು ಬೂದಿಯಾದವು.

ಈಗ ಫಿಲಂ ಹೋಗಿ ಡಿಜಿಟಲ್ ಬಂದಿದೆ. ಇನ್ನು ಕೊಳೆಯುವ ಭಯವಿಲ್ಲ, ಸುಡುವ ಭಯವಿಲ್ಲ ಎಂದು ವಿದ್ಯಾವಂತರೂ ನಂಬಿದ್ದಾರೆ. ಇದು ಭ್ರಮೆ. ನಮ್ಮ ಕಾರ್ಯಾಲಯದಲ್ಲಿಯೇ, ಗೆದ್ದಲು ಹಿಡಿದ ಹಳೆಯ ಸಂಪುಟಗಳನ್ನು ಇಂದಿಗೂ ತೆರೆದು ಓದಬಹುದಾಗಿದೆ; ಮೊದಲ ಕಂಪ್ಯೂಟರು ಬಂದಾಗ ಬಹು ಜಾಗ್ರತೆಯಿಂದ ಫ್ಲಾಪಿಗಳಲ್ಲಿ ತುಂಬಿಟ್ಟ ಸಂಚಿಕೆಗಳನ್ನು ಮಾತ್ರ ಓದುವ ಯಂತ್ರವೇ ಇಲ್ಲ. ಚಿತ್ರಗಳ ಪಾಡೂ ಅದೇ. ಹಾರ್ಡ್‌ಡಿಸ್ಕನ್ನು ಬೀರುವಿನಲ್ಲಿಟ್ಟು ಮರೆತರೆ ಕೆಲವು ವರ್ಷಗಳಲ್ಲಿ ಅದು ತಿರುಗದೆ ಹೋಗಬಹುದು. ತಿರುಗಿದರೂ ಅದರೊಳಗಿನ ಬರಹದ ಕ್ರಮವನ್ನು ಹೊಸ ಯಂತ್ರವು ಅರಿಯದಿರಬಹುದು. ಆದುದರಿಂದ ಕೆಲವು ವರ್ಷಗಳಿಗೊಮ್ಮೆ ಎಲ್ಲವನ್ನೂ ಹೊಸದಾಗಿ ನಕಲು ಮಾಡುತ್ತಲೇ ಇರಬೇಕು. ಅಮೆರಿಕದ ಚಲಚ್ಚಿತ್ರ ಅಕಾಡೆಮಿಯವರು 2007ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಒಂದು ಚಿತ್ರವನ್ನು ಫಿಲಂ ರೂಪದಲ್ಲಿ ಕಾಪಾಡಲು ವರ್ಷಕ್ಕೆ 1,059 ಡಾಲರುಗಳೂ, ಉತ್ತಮ ದರ್ಜೆಯ ಡಿಜಿಟಲ್ ರೂಪದಲ್ಲಿ ಕಾಪಾಡಲು 12,514 ಡಾಲರುಗಳೂ ಬೇಕೆಂದು ಲೆಕ್ಕಹಾಕಿದ್ದರು. ಆಮೇಲೆ ಯಂತ್ರಗಳ ಬೆಲೆ ಇಳಿದಿದೆ. ನಕಲು ಮಾಡುವ ದುಡಿಮೆ ತಪ್ಪಿಲ್ಲ. ಚಿತ್ರಮಂದಿರಗಳಿಗೆ ಕಳುಹಿಸುವ ಡಿಜಿಟಲ್ ಪ್ರತಿಗೋ ಬೀಗವುಂಟು. ನಿಯಮಿತ ದಿನಗಳಿಗೆಂದು ಕೊಟ್ಟ ಕೀಲಿಕೈಯ ಅವಧಿ ಮುಗಿದರೆ ಅದು ತೆರೆಯುವುದಿಲ್ಲ. ಹಿಂದಿನ ಕಾಲದಲ್ಲಿ ಯಾವುದೋ ಊರಿನ ಟೆಂಟಿನಲ್ಲಿ ಉಳಿದುಹೋದ ಸುರುಳಿಯೊಂದು ಐವತ್ತು ವರ್ಷಗಳ ಮೇಲೆ ಸಿಕ್ಕುವ ಆಸೆಯಾದರೂ ಇತ್ತು.

ಮನೆಮನೆಗೆ ಚಿತ್ರವನ್ನು ತಲಪಿಸುವ ಓಟಿಟಿ ಕಂಪೆನಿಗಳ ಮಾತು ಇನ್ನೂ ವಿಚಿತ್ರವಾದುದು. 2023ರ ಮೇ ತಿಂಗಳಿನಲ್ಲಿ ಡಿಸ್ನಿಯವರು 'ಕ್ರೇಟರ್' ಎಂಬ ತಮ್ಮದೇ ಚಿತ್ರವನ್ನು ಬಿಡುಗಡೆ ಮಾಡಿ, ಏಳು ವಾರಗಳಲ್ಲಿ ಅಲ್ಲಿಂದ ತೆಗೆದುಹಾಕಿದರು. ಖರ್ಚು ಉಳಿಯಿತೆಂಬುದೇ ಅದಕ್ಕೆ ಕಾರಣ! ಚಿತ್ರಮಂದಿರಕ್ಕೆ ಬಾರದೆ ನೇರವಾಗಿ ಇಂತಹ ಕಂಪೆನಿಗಳಿಗೆ ಮಾರಾಟವಾಗುವ ಕನ್ನಡ ಚಿತ್ರವು ನಾಳೆ ಯಾರ ಕಣ್ಣಿಗೆ ಬೀಳಬೇಕೆಂಬುದನ್ನು ದೂರದೇಶದ ಲೆಕ್ಕಪತ್ರಗಾರನೊಬ್ಬನು ನಿಶ್ಚಯಿಸುತ್ತಾನೆ.

ಇದೆಲ್ಲಕ್ಕೂ ಮಿಗಿಲಾದ ಸಂಗತಿಯೊಂದು 2025ರ ಆಗಸ್ಟ್ 1ರಂದು ನಡೆಯಿತು. 2013ರ 'ರಾಂಝಣಾ' ಎಂಬ ಹಿಂದೀ ಚಿತ್ರದ ತಮಿಳು ರೂಪವನ್ನು ಅದರ ಹಕ್ಕುದಾರರು ಕೃತಕ ಬುದ್ಧಿಯ ನೆರವಿನಿಂದ ತಿದ್ದಿ, ಕೊನೆಯಲ್ಲಿ ಸಾಯುವ ನಾಯಕನನ್ನು ಬದುಕಿಸಿ, ಮತ್ತೆ ತೆರೆಗೆ ತಂದರು. ನಿರ್ದೇಶಕರಾದ ಆನಂದ್ ಎಲ್. ರಾಯ್ ಅವರೂ ನಾಯಕನಟರಾದ ಧನುಷ್ ಅವರೂ ಬಹಿರಂಗವಾಗಿ ಆಕ್ಷೇಪಿಸಿದರು. ಆಕ್ಷೇಪಣೆಯಿಂದ ಪ್ರದರ್ಶನ ನಿಲ್ಲಲಿಲ್ಲ. ಪ್ರಾಚೀನ ಕಾವ್ಯಗಳಲ್ಲಿ ಪ್ರಕ್ಷಿಪ್ತ ಭಾಗಗಳು ಸೇರಿರುವುದನ್ನು ನಮ್ಮ ಪಂಡಿತರು ಹಲವು ಓಲೆಗರಿಗಳನ್ನು ಎದುರೆದುರಿಗಿಟ್ಟು ಪತ್ತೆಹಚ್ಚುತ್ತಾರೆ. ಚಿತ್ರದ ಹತ್ತು ಪ್ರತಿಗಳೂ ಒಬ್ಬನೇ ಹಕ್ಕುದಾರನ ಕೈಯಲ್ಲಿದ್ದು, ಆ ಹತ್ತನ್ನೂ ಅವನು ತಿದ್ದಿದರೆ ಯಾವುದರೊಡನೆ ಹೋಲಿಸಬೇಕು? ನಮ್ಮ ಹಿರಿಯ ನಟರ ಬಾಯಲ್ಲಿ ಅವರು ಆಡದ ಮಾತನ್ನು ಆಡಿಸಿದರೆ, ಇದು ಸುಳ್ಳೆಂದು ಯಾವ ಪ್ರತಿಯನ್ನು ತೋರಿಸಿ ಹೇಳಬೇಕು? ಹೊಸ ಯಂತ್ರವನ್ನು ನಾವು ದೂಷಿಸುತ್ತಿಲ್ಲ. ಅಲ್ಪಸ್ವಲ್ಪ ಹಣವುಳ್ಳ ತರುಣನೂ ಅದರಿಂದ ಚಿತ್ರ ತೆಗೆಯುವಂತಾದರೆ ಸಂತೋಷವೇ.

ಮೂಲಪ್ರತಿ ಉಳಿದರೆ ಅದೇ ಹೊಸ ವಿದ್ಯೆಯು ಎಷ್ಟು ಉಪಕಾರ ಮಾಡಬಲ್ಲುದೆಂಬುದಕ್ಕೆ ಕನ್ನಡದಲ್ಲಿಯೇ ನಿದರ್ಶನವಿದೆ. ಗಿರೀಶ ಕಾಸರವಳ್ಳಿಯವರು 1977ರಲ್ಲಿ ತೆಗೆದ 'ಘಟಶ್ರಾದ್ಧ'ದ ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲಚ್ಚಿತ್ರ ಭಂಡಾರದಲ್ಲಿ ಉಳಿದಿತ್ತು. ಅದನ್ನು ಡಿಜಿಟಲ್ ವಿಧಾನದಿಂದ ಜೀರ್ಣೋದ್ಧಾರ ಮಾಡಿ 2024ರಲ್ಲಿ ವೆನಿಸ್ ನಗರದ ಉತ್ಸವದಲ್ಲಿ ಪ್ರದರ್ಶಿಸಲಾಯಿತು. ಇದರಲ್ಲಿ ವಿದೇಶದ ಸಂಸ್ಥೆಯೊಂದು ಮುಂದಾಗಿ ಕೈನೀಡಿತೆಂಬುದು ನಮಗೆ ಅಭಿಮಾನದ ವಿಷಯವೋ ಲಜ್ಜೆಯ ವಿಷಯವೋ ವಾಚಕರೇ ಹೇಳಬೇಕು. 1905ರಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರವು ದೊರೆತುದು ಮೈಸೂರಿನ ಸರ್ಕಾರೀ ಭಂಡಾರದಲ್ಲಿ. ಆ ಓಲೆಗಳ ಕಟ್ಟು ಅಲ್ಲಿಗೆ ಬಂದಾಗ, ಅದರಿಂದ ಯಾವ ಆದಾಯವೂ ಇಲ್ಲವೆಂದು ಯಾರಾದರೂ ಹೊರಕ್ಕೆಸೆದಿದ್ದರೆ?

ನಮ್ಮ ಸರ್ಕಾರದವರಿಗೆ ಈ ವಿಷಯದ ಅರಿವಿಲ್ಲವೆಂದಲ್ಲ. 2025ರ ಮಾರ್ಚಿಯಲ್ಲಿ ಮಂಡಿಸಿದ ಆಯವ್ಯಯದಲ್ಲಿ ಕನ್ನಡ ಚಿತ್ರಗಳ ಭಂಡಾರವನ್ನು ಸ್ಥಾಪಿಸಲು 3 ಕೋಟಿ ರೂಪಾಯಿಗಳನ್ನು ಸೂಚಿಸಿದರು. ಅದೇ ಆಯವ್ಯಯದಲ್ಲಿ ಮೈಸೂರಿನ 150 ಎಕರೆ ಜಮೀನಿನಲ್ಲಿ ಏಳತಕ್ಕ ಚಿತ್ರನಗರಿಗೆ ಕಂಡ ಅಂದಾಜು 500 ಕೋಟಿ. ಚಿತ್ರನಗರಿ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಅಲ್ಲಿ ತಯಾರಾಗುವ ಚಿತ್ರಗಳು ಐವತ್ತು ವರ್ಷಗಳ ತರುವಾಯ ಎಲ್ಲಿರುತ್ತವೆಂಬ ಪ್ರಶ್ನೆಗೆ ಆ 3 ಕೋಟಿಯಿಂದ ಉತ್ತರ ಸಿಕ್ಕೀತೆಂದು ನಮಗೆ ತೋರುವುದಿಲ್ಲ. ಶೀತೋಷ್ಣವನ್ನು ಸಮನಾಗಿಟ್ಟ ಉಗ್ರಾಣಕ್ಕೆ ಖರ್ಚು ಪ್ರತಿವರ್ಷವೂ ಬರುತ್ತದೆ.

1954ರ ಕಾನೂನಿನಂತೆ ಪ್ರತಿಯೊಬ್ಬ ಪ್ರಕಾಶಕನೂ ತನ್ನ ಪುಸ್ತಕದ ಪ್ರತಿಯನ್ನು ರಾಷ್ಟ್ರದ ಗ್ರಂಥಾಲಯಗಳಿಗೆ ಒಪ್ಪಿಸಬೇಕು. ಚಿತ್ರಗಳನ್ನು ಶಾಶ್ವತವಾಗಿ ಕಾಪಿಡುವ ಉದ್ದೇಶದಿಂದ ಅಂತಹ ಕಾನೂನನ್ನು ಕೇಂದ್ರ ಸರ್ಕಾರದವರು ಮಾಡಬೇಕು. ಅದು ತಡವಾದರೆ, ನಮ್ಮ ರಾಜ್ಯದವರು ಕಾಯುತ್ತ ಕೂಡಬೇಕಾದ ಅಗತ್ಯವಿಲ್ಲ. ಕನ್ನಡ ಚಿತ್ರಗಳಿಗೆ ಸಾರ್ವಜನಿಕರ ಹಣದಿಂದ ಸಹಾಯಧನ ಕೊಡುವ ಪದ್ಧತಿಯು ಬಹುಕಾಲದಿಂದ ನಡೆದುಬಂದಿದೆ. ಬೀಗವಿಲ್ಲದ, ತಿದ್ದುಪಡಿಯಿಲ್ಲದ ಒಂದು ಪೂರ್ಣ ಪ್ರತಿಯನ್ನು ಭಂಡಾರಕ್ಕೆ ಒಪ್ಪಿಸಿ ರಸೀದಿ ತಂದವರಿಗೆ ಮಾತ್ರ ಆ ಹಣವನ್ನು ಕೊಡತಕ್ಕದ್ದೆಂದು ವಾರ್ತಾ ಇಲಾಖೆಯವರು ನಿಯಮಗಳಲ್ಲಿ ಒಂದು ವಾಕ್ಯವನ್ನು ಸೇರಿಸಲಿ. ಹಕ್ಕು ನಿರ್ಮಾಪಕರಲ್ಲಿಯೇ ಉಳಿಯಲಿ. ಪ್ರತಿ ಮಾತ್ರ ನಾಡಿನಲ್ಲಿರಲಿ. ಮುಂದಿನ ಸಾಲಿನ ಅರ್ಜಿಗಳನ್ನು ಕರೆಯುವುದರೊಳಗಾಗಿ ಈ ಆಜ್ಞೆಯು ಹೊರಡಬೇಕೆಂದು ನಾವು ಒತ್ತಾಯಪಡಿಸುತ್ತೇವೆ.