ಸ್ಟ್ರಿಪ್ ಮಾಡಿ, ಆದರೆ ಬಿಸಾಡಬೇಡಿ ಸ್ವಾಮಿ

ದೀಪಾವಳಿಗೆ ಎರಡು ದಿನ ಇರುವಾಗ ನಮ್ಮ ಬಿಲ್ಲಿಂಗ್ ಮಶೀನುಗಳು ಒಂದೊಂದಾಗಿ ಕೈಕೊಡತೊಡಗಿದವು. ಬಟ್ಟೆ ಅಂಗಡಿಯ ಕೌಂಟರಿನಲ್ಲಿ ಕೂರುವ ಪುಟ್ಟ ಡಬ್ಬ ಅದು. ಒಳಗೆ ಲಿನಕ್ಸು, ಅದರ ಮೇಲೆ ನಾವು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಪ್ರೋಗ್ರಾಮು. ಅಂಗಡಿ ತುಂಬಾ ಜನ, ಸೀರೆ ಆರಿಸಿಕೊಂಡು ಕ್ಯೂನಲ್ಲಿ ನಿಂತವರು, ಬಿಲ್ ಮಾಡೋಕೆ ಹೋದರೆ ಸ್ಕ್ರೀನು ಕಪ್ಪು. ರಾತ್ರಿ ಹನ್ನೊಂದಕ್ಕೆ ಕೋರ್ ಡಂಪ್ ನಮ್ಮ ಕೈಗೆ ಬಂತು. ಜಿಡಿಬಿಗೆ ಕೊಟ್ಟು, ಎಲ್ಲಿ ಬಿತ್ತು ಹೇಳಪ್ಪಾ ಅಂತ ಕೇಳಿದರೆ ಅದು ಕೊಟ್ಟ ಉತ್ತರ: ?? (). ಅದರ ಕೆಳಗಿನ ಸಾಲಿನಲ್ಲೂ ?? (). ಹೀಗೆ ಹದಿನಾಲ್ಕು ಸಾಲು ಪ್ರಶ್ನೆಚಿಹ್ನೆ.

ಕಾರಣ ಗೊತ್ತೇ ಇತ್ತು. ನಮ್ಮ ಬಿಲ್ಡ್ ಸ್ಕ್ರಿಪ್ಟಿನ ಕೊನೆಯಲ್ಲಿ ಯಾವ ಕಾಲದಲ್ಲೋ ಯಾರೋ ‘ಸ್ಟ್ರಿಪ್’ ಅಂತ ಒಂದು ಸಾಲು ಹಾಕಿದ್ದರು. ಸ್ಟ್ರಿಪ್ ಮಾಡುವ ಮುಂಚಿನ ಫೈಲನ್ನು ಎಲ್ಲೂ ಎತ್ತಿಟ್ಟಿರಲಿಲ್ಲ.

ಈ ಲೋಕಕ್ಕೆ ಹೊಸಬರಾದವರಿಗೆ ಎರಡು ಮಾತು. ನಾವು ಫಂಕ್ಷನ್‌ಗಳಿಗೆ ಹೆಸರಿಡುತ್ತೇವೆ. ಮಶೀನಿಗೆ ಆ ಹೆಸರು ಬೇಡ, ವಿಳಾಸ ಸಾಕು. ಯಾವ ವಿಳಾಸದಲ್ಲಿ ಯಾವ ಫಂಕ್ಷನ್ ಇದೆ ಅನ್ನುವ ಪಟ್ಟಿ, ಅಂದರೆ ಸಿಂಬಲ್ ಟೇಬಲ್, ಪ್ರೋಗ್ರಾಮಿನ ಫೈಲಿನೊಳಗೇ ಕೂತಿರುತ್ತದೆ. ಕಂಪೈಲ್ ಮಾಡುವಾಗ ‘ಮೈನಸ್ ಜಿ’ ಕೊಟ್ಟರೆ ಇನ್ನೂ ದೊಡ್ಡ ದಾಖಲೆ ಸೇರುತ್ತದೆ: ಈ ಮಶೀನ್ ಕೋಡು ಯಾವ ಫೈಲಿನ ಎಷ್ಟನೇ ಸಾಲಿನದು, ಯಾವ ವೇರಿಯಬಲ್ ಯಾವ ರಿಜಿಸ್ಟರಿನಲ್ಲಿದೆ, ಎಲ್ಲ. ಈ ದಾಖಲೆಯ ಹೆಸರು ಡ್ವಾರ್ಫ್. ಫೈಲಿನ ಸ್ವರೂಪದ ಹೆಸರು ಎಲ್ಫ್ ಆಗಿತ್ತಲ್ಲ, ಜೊತೆಗೊಬ್ಬ ಕುಳ್ಳ ಇರಲಿ ಅಂತ ಇಟ್ಟ ತಮಾಷೆ ಅದು. ಸ್ಟ್ರಿಪ್ ಇವೆರಡನ್ನೂ ಕಿತ್ತುಹಾಕುತ್ತದೆ.

ಇದು ಹಳೇ ಕಮಾಂಡು. 1971ರ ಮೊದಲ ಯುನಿಕ್ಸ್ ಕೈಪಿಡಿಯಲ್ಲೇ ಇದೆ. ಆಗಿನ ಪಿಡಿಪಿ-11ರಲ್ಲಿ ಇದ್ದದ್ದು 24 ಕೆಬಿ ಮೆಮೊರಿ, 512 ಕೆಬಿ ಡಿಸ್ಕು. ಅಂಥ ಮನೆಯಲ್ಲಿ ಒಂದು ಸೌಟು ಜಾಸ್ತಿ ಇದ್ದರೂ ಕಾಲಿಗೆ ತಗಲುತ್ತಿತ್ತು, ಒಪ್ಪಿದೆ. ನಮ್ಮ ಡಬ್ಬಕ್ಕೂ ಫ್ಲ್ಯಾಶ್ ಕಮ್ಮಿ. ಅಂಗಡಿಗೆ ಹೋಗುವ ಫೈಲನ್ನು ಸ್ಟ್ರಿಪ್ ಮಾಡಿದ್ದಕ್ಕೆ ನನ್ನ ತಕರಾರಿಲ್ಲ. ಕಿತ್ತದ್ದನ್ನು ಕಸಕ್ಕೆ ಹಾಕಿದ್ದಕ್ಕೆ ತಕರಾರು.

ಆ ರಾತ್ರಿ ಏನು ಮಾಡಿದೆವು ಕೇಳಿ. ಅದೇ ಸೋರ್ಸನ್ನು, ಅದೇ ಟ್ಯಾಗಿನಿಂದ, ಈ ಸಲ ಡೀಬಗ್ ಮಾಹಿತಿ ಸಮೇತ ಮತ್ತೆ ಬಿಲ್ಡ್ ಮಾಡಿದೆವು. ಒಳ್ಳೇ ಉಪಾಯ ಅನ್ನಿಸುತ್ತದೆ ಅಲ್ವಾ? ಆದರೆ ರಿಲೀಸ್ ಆದಮೇಲೆ ಬಿಲ್ಡ್ ಸರ್ವರಿನ ಕಂಪೈಲರ್ ಬದಲಾಗಿತ್ತು. ಹೊಸ ಕಂಪೈಲರ್ ಕೋಡನ್ನು ಬೇರೆ ಥರ ಜೋಡಿಸುತ್ತದೆ, ವಿಳಾಸಗಳು ಆಚೀಚೆ ಸರಿಯುತ್ತವೆ. ಆಡರ್‌ಟುಲೈನ್ ಅನ್ನುವ ಟೂಲಿಗೆ ಅದರ ಚಿಂತೆ ಇಲ್ಲ. ವಿಳಾಸ ಕೊಟ್ಟರೆ ಅಲ್ಲಿರುವ ಹೆಸರು ಹೇಳುತ್ತದೆ. ಅದು ಹೇಳಿದ ಹೆಸರು ನಮ್ಮ ಟೀಮಿಗೆ ಸೇರಿ ಐದೇ ತಿಂಗಳಾಗಿದ್ದ ಹುಡುಗಿ ಬರೆದ ಫಂಕ್ಷನ್ನಿನದು.

ಆಕೆ ಬೆಳಗಿನ ಜಾವ ನಾಲ್ಕರವರೆಗೆ ಇಪ್ಪತ್ತು ಸಾಲಿನ ಆ ಫಂಕ್ಷನ್ನನ್ನು ಓದಿದಳು. ಮತ್ತೆ ಓದಿದಳು. ಏನೂ ಸಿಗಲಿಲ್ಲ, ಯಾಕಂದ್ರೆ ಅಲ್ಲಿ ಏನೂ ಇರಲಿಲ್ಲ. ‘ಸಾರಿ, ಗೊತ್ತಾಗ್ತಿಲ್ಲ’ ಅಂತ ಗ್ರೂಪಿಗೆ ಮೆಸೇಜ್ ಹಾಕಿದಳು. ಒಂಬತ್ತು ದಿನ ಆದಮೇಲೆ ಆಫೀಸಿನಲ್ಲೇ ಅದೇ ಕ್ರ್ಯಾಶ್ ಆಯಿತು: ಗಿರಾಕಿಯ ಹೆಸರು ಖಾಲಿ ಬಿಟ್ಟು ರಿಯಾಯಿತಿ ಹಾಕಿದರೆ ನಲ್ ಪಾಯಿಂಟರ್. ಆ ಕೋಡು ನಾನು ಬರೆದದ್ದು, ಎರಡು ವರ್ಷದ ಹಿಂದೆ.

ಇಷ್ಟಾದ ಮೇಲೂ ಮೀಟಿಂಗಿನಲ್ಲಿ ಬಂದ ಉತ್ತರಗಳನ್ನು ಕೇಳಬೇಕಿತ್ತು. ‘ಸ್ಟ್ರಿಪ್ ಮಾಡಿದರೆ ಫಾಸ್ಟ್ ಆಗುತ್ತೆ.’ ಇಲ್ಲ ಮಾರಾಯ್ರೆ. ಡೀಬಗ್ ಭಾಗಗಳು ಪ್ರೋಗ್ರಾಮ್ ಓಡುವಾಗ ಮೆಮೊರಿಗೆ ಬರುವುದೇ ಇಲ್ಲ, ಡಿಸ್ಕಿನಲ್ಲಿ ಸುಮ್ಮನೆ ಬಿದ್ದಿರುತ್ತವೆ. ‘ಸೆಕ್ಯೂರಿಟಿ.’ ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ಮಾತು. ಹೆಸರಿಲ್ಲದಿದ್ದರೆ ಒಡೆಯುವವನಿಗೆ ಸ್ವಲ್ಪ ಕೆಲಸ ಹೆಚ್ಚುತ್ತದೆ, ನಿಜ. ಆದರೆ ಮಶೀನ್ ಕೋಡು ಹಾಗೇ ಇರುತ್ತದೆ, ಎರರ್ ಮೆಸೇಜುಗಳ ಅಕ್ಷರಗಳು ಹಾಗೇ ಇರುತ್ತವೆ, ಡೈನಾಮಿಕ್ ಲಿಂಕಿಂಗಿಗೆ ಬೇಕಾದ ಹೆಸರುಗಳನ್ನು ಸ್ಟ್ರಿಪ್ ಮುಟ್ಟುವ ಹಾಗೂ ಇಲ್ಲ. ಗಿಡ್ರಾದಂಥ ಟೂಲನ್ನು ಅಮೆರಿಕದ ಎನ್‌ಎಸ್‌ಎ 2019ರಲ್ಲೇ ಪುಕ್ಕಟೆ ಹಂಚಿದೆ. ಕಳ್ಳರು ಬರ್ತಾರೆ ಅಂತ ಬಡಾವಣೆಯ ಕ್ರಾಸ್ ಬೋರ್ಡುಗಳನ್ನೆಲ್ಲ ಕಿತ್ತುಹಾಕಿದರೆ ಏನಾಗುತ್ತೆ? ಕಳ್ಳನಿಗೆ ಪುರಸೊತ್ತಿದೆ, ಸುತ್ತಾಡಿ ದಾರಿ ಹುಡುಕಿಕೊಳ್ಳುತ್ತಾನೆ. ರಾತ್ರಿ ಹನ್ನೊಂದಕ್ಕೆ ಗಲ್ಲಿಗಲ್ಲಿ ಅಲೆಯೋದು ಆಂಬುಲೆನ್ಸು. ಹೋಗಲಿ, ಅಷ್ಟು ಭಯ ಇದ್ದರೆ ಗಿರಾಕಿಗೆ ಕೊಡುವ ಫೈಲಿನಿಂದ ತೆಗೆಯಿರಿ. ನಿಮ್ಮದೇ ಬೀರುವಿನಿಂದ ಯಾಕೆ ತೆಗೆಯುತ್ತೀರಿ?

ಮತ್ತೆ ಇದೇನು ಯಾರಿಗೂ ಹೊಳೆಯದ ಉಪಾಯವಲ್ಲ. ‘ಆಬ್ಜ್‌ಕಾಪಿ’ ಕಮಾಂಡಿಗೆ ‘ಓನ್ಲಿ ಕೀಪ್ ಡೀಬಗ್’ ಅಂದರೆ ಆ ಮಾಹಿತಿಯನ್ನು ಬೇರೆ ಫೈಲಿಗೆ ಎತ್ತಿಡುತ್ತದೆ; ಆಮೇಲೆ ಸ್ಟ್ರಿಪ್ ಮಾಡಿ. ಲಿಂಕರ್ ಹಾಕುವ ಬಿಲ್ಡ್ ಐಡಿ ಸ್ಟ್ರಿಪ್ ಆದಮೇಲೂ ಉಳಿಯುತ್ತದೆ, ಯಾವ ಫೈಲಿಗೆ ಯಾವ ಜೋಡಿ ಅಂತ ಅದರಿಂದ ಗೊತ್ತಾಗುತ್ತದೆ. ನಾವು ಅದನ್ನು ನೋಡಿದ್ದರೆ ಆ ಹುಡುಗಿ ಅವತ್ತು ರಾತ್ರಿ ನಿದ್ದೆ ಮಾಡಿರುತ್ತಿದ್ದಳು. ಫೆಡೋರಾ, ಡೆಬಿಯನ್ ತಮ್ಮ ಪ್ಯಾಕೇಜುಗಳ ಡೀಬಗ್ ಮಾಹಿತಿಯನ್ನು ತಾವಾಗಿಯೇ ಬೇರೆ ಪ್ಯಾಕೇಜು ಮಾಡಿ ಇಡುತ್ತವೆ. ವಿಂಡೋಸಿನವರಿಗೆ ಪಿಡಿಬಿ ಇದೆ, ಆಪಲ್‌ನವರಿಗೆ ಡಿಸಿಮ್ ಇದೆ. ಸಂಬಳ ಇಲ್ಲದೆ ಕೆಲಸ ಮಾಡುವ ಡೆಬಿಯನ್ ಸ್ವಯಂಸೇವಕರು ಇದನ್ನು ಮಾಡುತ್ತಾರೆ. ಕ್ಲೌಡಿಗೆ ತಿಂಗಳು ತಿಂಗಳು ಲಕ್ಷಗಟ್ಟಲೆ ಸುರಿಯುವ ನಮ್ಮಂಥ ಕಂಪನಿಗಳಿಗೆ ‘ಸ್ಟೋರೇಜ್ ಕಾಸ್ಟು’ ನೆನಪಾಗುವುದು ಇಲ್ಲಿ ಮಾತ್ರ.

ಆ ಹುಡುಗಿಯ ಹತ್ತಿರ ಹೋಗಿ ತಪ್ಪು ನಂದು ಅಂತ ಹೇಳಿದೆ. ‘ಪರ್ವಾಗಿಲ್ಲ ಸರ್’ ಅಂದಳು. ಗ್ರೂಪಿನಲ್ಲಿ ಹೇಳಬೇಕಿತ್ತು, ಅವಳು ಸಾರಿ ಕೇಳಿದ್ದು ಗ್ರೂಪಿನಲ್ಲಿ. ಹೇಳಲಿಲ್ಲ. ಅದರ ಬದಲು ಬಿಲ್ಡ್ ಸ್ಕ್ರಿಪ್ಟಿಗೆ ಆ ಎರಡು ಸಾಲು ಸೇರಿಸಿದೆ.

ನಿನ್ನೆ ಸುಮ್ಮನೆ ಫೋಲ್ಡರ್ ತೆಗೆದು ನೋಡಿದೆ. ಮೂರು ರಿಲೀಸಿನ ಡೀಬಗ್ ಫೈಲುಗಳಿವೆ. ನಾಲ್ಕನೆಯದರದ್ದು ಇಲ್ಲ. ಬಿಲ್ಡು ನಿಧಾನ ಆಗ್ತಿದೆ ಅಂತ ಯಾರೋ ಆ ಎರಡು ಸಾಲನ್ನು ಕಾಮೆಂಟ್ ಮಾಡಿದ್ದಾರೆ. ಸ್ಟ್ರಿಪ್ ಸಾಲು ಮಾತ್ರ ಇದ್ದಲ್ಲೇ ಇದೆ. ಆ ರಿಲೀಸು ಹೋದ ವಾರ ಅಂಗಡಿಗಳಿಗೆ ಹೋಗಿದೆ.