ಗಜ ಜಡಿಯುವಷ್ಟು ಹೊತ್ತು

‘ಅಲ್ಲೋ ತಮ್ಮಾ, ಆ ಬಂದೂಕಿಗೆ ಮತ್ತ ಮದ್ದ ತುಂಬೂದು ಬ್ಯಾಡೇನು?’

ಮಿಲಿಟರಿ ಕಾಕಾ ಹೀಗೆ ಕೇಳಿದ್ದು ಟಿವಿಯನ್ನು. ಮಮದಾಪುರದ ನಮ್ಮ ಓಣಿಯಲ್ಲಿ ಯುದ್ಧದ ಸಿನಿಮಾ ಹತ್ತಿದರೆ ಅವರ ಜೊತೆ ಕೂತು ನೋಡುವುದು ಕಷ್ಟ. ಎದೆಯ ಮೇಲಿನ ಪದಕದ ಸಾಲು ತಪ್ಪು, ಸೆಲ್ಯೂಟ್ ತಪ್ಪು, ಬೂಟಿನ ಲೇಸು ಕಟ್ಟಿದ್ದೂ ತಪ್ಪು. ಅಂದು ಪಕ್ಕದಲ್ಲಿದ್ದವರು ದೊಡ್ಡಾಟ ಕಲಿಸುವ ಮಾಸ್ತರರು. ಅವರಿಗೂ ತಡೆಯಲಿಲ್ಲ. ‘ಕಾಕಾ, ನಮ್ಮ ಆಟದಾಗ ಹುಡುಗ ಕಟಗಿ ಕತ್ತಿ ಹಿಡದು ಸತ್ತಾಗ ನೀವ ಕಣ್ಣ ಒರಸ್ಕೊಂಡ್ರಿ. ಅವತ್ತ ಕಬ್ಬಿಣ ಎಲ್ಲೈತಿ ಅಂತ ಕೇಳಲಿಲ್ಲಲ್ಲರಿ?’

ಈ ಜಗಳ ಬೇರೆ ಊರಿನಲ್ಲಿ ನಡೆದಿದ್ದರೆ ನಕ್ಕು ಬಿಡುತ್ತಿದ್ದೆ. ಆದರೆ ಕಿತ್ತೂರು, ಸಂಗೊಳ್ಳಿ, ನಂದಗಡ ಎಲ್ಲವೂ ನಮ್ಮ ಬೆಳಗಾವಿ ಜಿಲ್ಲೆಯವೇ. 1961ರಲ್ಲಿ ಬಿ.ಆರ್. ಪಂತುಲು ‘ಕಿತ್ತೂರು ಚೆನ್ನಮ್ಮ’ ತೆಗೆದರು, ರಾಣಿಯಾಗಿ ಬಿ. ಸರೋಜಾದೇವಿ. 2012ರಲ್ಲಿ ನಾಗಣ್ಣ ನಿರ್ದೇಶನದ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಬಂತು. ನಮ್ಮ ಕಡೆಯ ಮಕ್ಕಳಿಗೆ ರಾಯಣ್ಣ ಎಂದರೆ ಕಣ್ಣ ಮುಂದೆ ಬರುವುದು ದರ್ಶನ್ ಮುಖ, ಆ ಸಿನಿಮಾದ ಕತ್ತಿ, ಆ ಸಿನಿಮಾದ ಕುದುರೆ.

ಕಾಕಾನ ಪ್ರಶ್ನೆಯನ್ನು 1824ರ ಅಕ್ಟೋಬರ್ 23ಕ್ಕೆ ಒಯ್ದು ನೋಡಿ. ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಸತ್ತ ದಿನ ಅದು. ಅಮಟೂರು ಬಾಳಪ್ಪನ ಗುಂಡು ಎಂದು ನಾವೆಲ್ಲ ಕೇಳಿಕೊಂಡು ಬೆಳೆದಿದ್ದೇವೆ. ಆಗ ಕಂಪನಿಯ ಸಿಪಾಯಿಗಳ ಕೈಯಲ್ಲಿದ್ದದ್ದು ಚಕಮಕಿ ಕಲ್ಲಿನ ಬಂದೂಕು. ನಾಲ್ಕು ಕಿಲೊ ಮೀರಿದ ಭಾರ, ಮುಕ್ಕಾಲು ಇಂಚಿನ ನಳಿಗೆ. ಕಾಗದದ ತೋಟಾ ಹಲ್ಲಿನಿಂದ ಹರಿಯಬೇಕು, ಬತ್ತಿಗುಳಿಗೆ ಒಂದು ಚಿಟಿಕೆ ಮದ್ದು, ಉಳಿದದ್ದು ನಳಿಗೆಯೊಳಗೆ, ಮೇಲೆ ಗುಂಡು, ಆಮೇಲೆ ಗಜ, ಅಂದರೆ ಮದ್ದು ಜಡಿಯುವ ಕೋಲು, ಎಳೆದು ಜಡಿದು, ಗಜವನ್ನು ಮತ್ತೆ ಅದರ ತೂತಿಗೆ ಸೇರಿಸಿ, ಕುದುರೆ ಎಳೆದು, ಗುರಿ. ಚೆನ್ನಾಗಿ ಪಳಗಿದವನೂ ನಿಮಿಷಕ್ಕೆ ಮೂರು ಸಲ ಹೊಡೆದರೆ ದೊಡ್ಡದು. ನೂರು ಗಜ ದೂರದ ಒಬ್ಬ ಮನುಷ್ಯನಿಗೆ ಗುರಿಯಿಟ್ಟರೆ ತಾಗಿದರೆ ತಾಗಿತು. ಒಂದು ಸುತ್ತು ಹಾರಿಸಿದ ಮೇಲೆ ಹೊಗೆಯಲ್ಲಿ ಎದುರಿನವನು ಕಾಣುವುದೇ ಇಲ್ಲ.

ಆ ಇಪ್ಪತ್ತು ಸೆಕೆಂಡೇ ನನಗೆ ಮುಖ್ಯ. ಕತ್ತಿ ಹಿಡಿದವನು ಬಂದೂಕಿನವನ ಮೇಲೆ ಬೀಳಲು ಸಾಧ್ಯವಾಗುತ್ತಿದ್ದದ್ದು ಆ ಸಂದಿನಲ್ಲಿ. ರಾಯಣ್ಣ ರಾತ್ರಿ ಬಂದು ಕಚೇರಿ ಸುಟ್ಟು, ಬೆಳಗಾಗುವುದರೊಳಗೆ ಕಾಡು ಸೇರುವ ಹೋರಾಟಕ್ಕೆ ಅರ್ಥ ಬರುವುದೂ ಆಗಲೇ. ಸಿಪಾಯಿ ಪಟಪಟನೆ ಹತ್ತು ಗುಂಡು ಹಾರಿಸುತ್ತ ಹೋದರೆ, ಎದುರಿಗೆ ಓಡಿ ಬರುವ ನಮ್ಮವರು ವೀರರಾಗಿ ಕಾಣುವುದಿಲ್ಲ, ಬುದ್ಧಿಗೇಡಿಗಳಾಗಿ ಕಾಣುತ್ತಾರೆ. ಇಲ್ಲಿ ತಪ್ಪಾದದ್ದು ಬಂದೂಕಿನ ಮಾದರಿ ಮಾತ್ರವಲ್ಲ, ರಾಯಣ್ಣನ ಲೆಕ್ಕಾಚಾರವೂ.

1962ರ ಯುದ್ಧದ ಸಿನಿಮಾಕ್ಕೂ ಇದೇ ಮಾತು. ನಮ್ಮ ಜವಾನರು ಚಳಿಗೆ ತಕ್ಕ ಬಟ್ಟೆಯಿಲ್ಲದೆ, ಕ್ಯಾನ್ವಾಸ್ ಬೂಟಿನಲ್ಲಿ, ಒಂದೊಂದು ಗುಂಡಿಗೂ ಬೋಲ್ಟ್ ಎಳೆಯಬೇಕಾದ ತ್ರೀ ನಾಟ್ ತ್ರೀ ಹಿಡಿದು ಹಿಮದಲ್ಲಿ ನಿಂತಿದ್ದರು. ಅವರ ಕೈಗೆ ಆಮೇಲೆ ಬಂದ ಎಸ್‌ಎಲ್‌ಆರ್ ಕೊಟ್ಟು, ಮೈಗೆ ದಪ್ಪ ಕೋಟು ಹಾಕಿ ತೋರಿಸಿದರೆ ಚಿತ್ರ ಚೆಂದ ಬರಬಹುದು. ಆದರೆ ಅವರನ್ನು ಬರಿಗೈಯಲ್ಲಿ ಕಳಿಸಿದವರ ತಪ್ಪು ಸದ್ದಿಲ್ಲದೆ ಮಾಫಿಯಾಗುತ್ತದೆ.

ಇಷ್ಟು ಹೇಳಿದ ಮೇಲೆ ಮಾಸ್ತರರ ಕಡೆಯೂ ಕೂರಬೇಕು. ಅವರ ವಾದವನ್ನು ನಾನು ಮೊದಲು ಹಗುರವಾಗಿ ತೆಗೆದುಕೊಂಡಿದ್ದೆ.

ದುಡ್ಡಿನ ಮಾತು ಎಲ್ಲರಿಗೂ ಗೊತ್ತು. ದೊಡ್ಡ ದೇಶಗಳೇ ಅಲ್ಲಿ ಸೋತಿವೆ. 1965ರ ‘ಬ್ಯಾಟಲ್ ಆಫ್ ದಿ ಬಲ್ಜ್’ ಚಿತ್ರವನ್ನು ಸ್ಪೇನಿನಲ್ಲಿ ತೆಗೆದರು. ಹಿಟ್ಲರನ ಟೈಗರ್ ಟ್ಯಾಂಕುಗಳ ಪಾತ್ರ ಮಾಡಿದ್ದು ಅಮೆರಿಕದವರೇ ಕಟ್ಟಿದ ಎಂ-47. ‘ಸೇವಿಂಗ್ ಪ್ರೈವೇಟ್ ರಯಾನ್’ನಲ್ಲಿ ಟೈಗರ್ ಆಗಿ ಬರುವುದು ವೇಷ ಹಾಕಿದ ರಷ್ಯದ ಟಿ-34. ನಿಜವಾದ ಟೈಗರ್ ಬೇಕೆಂದರೆ ಇಂಗ್ಲೆಂಡಿನ ಬೊವಿಂಗ್ಟನ್ ಸಂಗ್ರಹಾಲಯಕ್ಕೆ ಹೋಗಿ ಕೇಳಬೇಕು. 2014ರ ‘ಫ್ಯೂರಿ’ಗೆ ಅಲ್ಲಿಂದಲೇ ಅದು ಬಂತು. ಟ್ಯಾಂಕ್ ಕಾರ್ಖಾನೆಗಳಿದ್ದ ದೇಶಗಳ ಪಾಡೇ ಇದಾದರೆ, ಕನ್ನಡದ ನಿರ್ಮಾಪಕ ಇನ್ನೂರು ಚಕಮಕಿ ಬಂದೂಕು ಎಲ್ಲಿಂದ ತಂದಾನು?

ಜೀವದ ಮಾತು ಅದಕ್ಕಿಂತ ದೊಡ್ಡದು. 2021ರಲ್ಲಿ ಅಮೆರಿಕದಲ್ಲಿ ‘ರಸ್ಟ್’ ಚಿತ್ರೀಕರಣದ ವೇಳೆ ನಿಜವಾದ ಪಿಸ್ತೂಲಿನಿಂದ ಗುಂಡು ಹಾರಿ ಛಾಯಾಗ್ರಾಹಕಿ ಸತ್ತಳು. ಮೈಸೂರಿನ ಪ್ರೀಮಿಯರ್ ಸ್ಟುಡಿಯೊದಲ್ಲಿ 1989ರ ಫೆಬ್ರುವರಿ 8ರಂದು ಟಿಪ್ಪುವಿನ ಧಾರಾವಾಹಿಯ ಸೆಟ್ಟಿಗೆ ಬೆಂಕಿ ಬಿದ್ದು 62 ಜನ ಹೋದರು. ಅದು ಬಂದೂಕಿನ ಅಪಘಾತವಲ್ಲ, ನಿಜ. ಆದರೂ ಅದರ ನಂತರ ‘ನಿಜವಾದ ಮದ್ದೇ ಬೇಕು’ ಎಂದು ಯಾರಾದರೂ ಹಟ ಹಿಡಿದರೆ ನನಗೆ ಮೈ ಜುಮ್ಮೆನ್ನುತ್ತದೆ. ಕಟಗಿ ಕತ್ತಿಯೇ ಮೇಲು.

ಮಾಸ್ತರರ ಮೂರನೆಯ ಮಾತಿಗೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ‘ನಿಜ ಅಂತೀರಿ, ನಿಜ ಯಾರ ಹತ್ತಿರೈತಿ?’ ಕಿತ್ತೂರು ಬಿದ್ದ ಮೇಲೆ ಲೂಟಿಯಾಯಿತು. 1857ರಲ್ಲಿ ಆಯುಧ ಒಪ್ಪಿಸಿ ಎಂಬ ಕಾಯ್ದೆ ಬಂತು. ಮುಧೋಳದ ಬಳಿಯ ಹಲಗಲಿಯ ಬೇಡರು ಒಪ್ಪಿಸುವುದಿಲ್ಲ ಎಂದು ಎದ್ದು ನಿಂತದ್ದಕ್ಕೆ ಊರನ್ನೇ ಸುಟ್ಟರು. ಮನೆಮನೆಯ ಕತ್ತಿ, ಜಾಮಗಿ ಬಂದೂಕು ಹೀಗೆ ಕೈಬಿಟ್ಟು ಹೋದವು. ಕಂಪನಿಯ ಸಿಪಾಯಿಯ ಗುಂಡಿ ಎಷ್ಟು ಎಂಬುದಕ್ಕೆ ದಾಖಲೆಯಿದೆ. ರಾಯಣ್ಣನ ಜೊತೆಗಾರ ಸೊಂಟಕ್ಕೆ ಏನು ಸಿಕ್ಕಿಸಿಕೊಂಡಿದ್ದ ಎಂಬುದಕ್ಕೆ ಲಾವಣಿ ಬಿಟ್ಟರೆ ಏನಿದೆ? ದಾಖಲೆಯೊಂದನ್ನೇ ನಂಬಿ ಸಿನಿಮಾ ತೆಗೆದರೆ ಬ್ರಿಟಿಷರು ಸ್ಪಷ್ಟವಾಗಿ ಕಾಣುತ್ತಾರೆ, ನಮ್ಮವರು ಮಸುಕಾಗುತ್ತಾರೆ.

ಆದರೆ ನಿಜ ಒಮ್ಮೊಮ್ಮೆ ಬಾವಿಯಲ್ಲೂ ಸಿಗುತ್ತದೆ. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಪಾಳುಬಾವಿಯ ಹೂಳು ತೆಗೆದಾಗ ಸಾವಿರಕ್ಕೂ ಹೆಚ್ಚು ಮೈಸೂರು ರಾಕೆಟ್ಟುಗಳು ಬಂದವು, ಕಬ್ಬಿಣದ ಕೊಳವೆಗಳು, ಒಳಗೆ ಮದ್ದಿನ ಗುರುತು. ಇನ್ನು ಮುಂದೆ ಟಿಪ್ಪುವಿನ ಸಿನಿಮಾ ಮಾಡುವವನು ರಾಕೆಟ್ಟಿನ ಗಾತ್ರವನ್ನು ಊಹಿಸಬೇಕಿಲ್ಲ, ಹೋಗಿ ನೋಡಿ ಅಳೆಯಬಹುದು. ಅವನಿಗೆ ಮೊದಲಿನವರಿಗಿದ್ದ ಸಬೂಬು ಇಲ್ಲ.

ನನ್ನ ತಕ್ಕಡಿ ಪೂರ್ತಿ ಸಮನಾಗಿ ನಿಂತಿಲ್ಲ. ಗುಂಡಿ, ಪಟ್ಟಿ, ಟೋಪಿಯ ಗರಿ ತಪ್ಪಿದರೆ ನನಗೆ ಏನೂ ಅನಿಸುವುದಿಲ್ಲ, ಕಾಕಾ ಕ್ಷಮಿಸಲಿ. ಆಯುಧದ ಮೈಬಣ್ಣ ತಪ್ಪಲಿ, ಅದರ ಸ್ವಭಾವ ತಪ್ಪಬಾರದು. ಡಬಲ್ ಬ್ಯಾರಲ್ ಬಂದೂಕಿಗೇ ಮರದ ತುಂಡು ಮೆತ್ತಿ ಕೊಟ್ಟರೂ ಸರಿ, ಒಮ್ಮೆ ಹಾರಿಸಿದವನು ಗಜ ಎಳೆಯಲಿ. ಅದಕ್ಕೆ ದುಡ್ಡು ಬೇಕಿಲ್ಲ, ತಾಲೀಮು ಸಾಕು. ದೊಡ್ಡಾಟ ತಾನು ಆಟವೆಂದು ರಂಗದ ಮೇಲೆ ಕುಣಿಯುತ್ತಲೇ ಒಪ್ಪಿಕೊಳ್ಳುತ್ತದೆ. ಹಾಗಾಗಿ ಅದರ ಕಟಗಿ ಕತ್ತಿ ಸುಳ್ಳಲ್ಲ. ‘ಇದು ಇತಿಹಾಸ’ ಎಂದು ಮೊದಲೇ ಅಕ್ಷರ ತೋರಿಸಿ ಕೂರಿಸುವ ಸಿನಿಮಾಕ್ಕೆ ಆ ರಿಯಾಯಿತಿ ಕೊಡಲು ಮನಸ್ಸು ಬರುವುದಿಲ್ಲ. ‘ರೊಕ್ಕ ಕೊಟ್ಟ ಮಂದಿ ಗಜ ಜಡಿಯೂದು ನೋಡಾಕ ಬರ್ತಾರೇನ?’ ಎಂದರು ಮಾಸ್ತರರು. ಬರುತ್ತಾರೆ ಎಂದು ನನ್ನ ನಂಬಿಕೆ. ಸಿಪಾಯಿಯ ಕೈ ನಡುಗುತ್ತಿದೆ, ಗಜ ಅರ್ಧ ಇಳಿದಿದೆ, ಎದುರಿನಿಂದ ಕತ್ತಿಯವನು ಓಡಿ ಬರುತ್ತಿದ್ದಾನೆ: ಇದಕ್ಕಿಂತ ಸೀಟಿನ ತುದಿಗೆ ಕೂರಿಸುವ ದೃಶ್ಯ ಯಾವುದು?

ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26. ಆ ತಾರೀಖಿಗೆ ಈಗ ಮಕ್ಕಳು ವೇಷ ಹಾಕುತ್ತಾರೆ. ಹೋದ ಸಲ ನಮ್ಮ ಓಣಿಯ ಒಬ್ಬ ಹುಡುಗ ರಟ್ಟಿನ ಕತ್ತಿಯ ರಾಯಣ್ಣ. ಅವನ ಗೆಳೆಯ ಕೆಂಪು ಅಂಗಿಯ ಬ್ರಿಟಿಷ್ ಸಿಪಾಯಿ, ಕೈಯಲ್ಲಿ ಜಾತ್ರೆಯಲ್ಲಿ ಕೊಂಡ ಮಷಿನ್‌ಗನ್ ಆಟಿಗೆ. ಕಾಕಾ ಅದನ್ನು ಕಸಿದುಕೊಂಡು ಒಂದು ಜೋಳದ ದಂಟು ಕೊಟ್ಟರು. ಇನ್ನೊಂದು ತೆಳ್ಳನೆಯ ದಂಟು ಮುರಿದು ಗಜ ಜಡಿಯುವುದನ್ನು ಕಲಿಸತೊಡಗಿದರು. ಮಾಸ್ತರರು ಪಕ್ಕದಲ್ಲಿ ನಿಂತು ಲೆಕ್ಕ ಹಾಕಿದರು, ‘ಒಂದು, ಎರಡು, ಮೂರು...’ ಏಳಕ್ಕೆ ಬರುವಷ್ಟರಲ್ಲಿ ರಾಯಣ್ಣ ತಾಳ್ಮೆಗೆಟ್ಟು ಹೊಡೆದೇ ಬಿಟ್ಟ.