ಹಲಗಲಿಯ ಲಾವಣಿ ಮತ್ತು ಕೋವಿಯ ಪರವಾನಗಿ

ಹಲಗಲಿಯ ಬೇಡರ ಲಾವಣಿಯನ್ನು ಪಾಠ ಮಾಡುವಾಗಲೆಲ್ಲ ವಿದ್ಯಾರ್ಥಿಗಳಿಂದ ಒಂದು ಪ್ರಶ್ನೆ ಬರುತ್ತದೆ: ಆಯುಧ ಒಪ್ಪಿಸಿರೆಂದ ಬ್ರಿಟಿಷರ ಕಾನೂನು ಅನ್ಯಾಯವಾಗಿದ್ದರೆ, ಇಂದಿನ ಕೋವಿಯ ಪರವಾನಗಿಯೂ ಅದರ ಮುಂದುವರಿಕೆಯೇ ಅಲ್ಲವೆ? ಹೌದೆನ್ನುವವರು ಅಧ್ಯಾಪಕರಲ್ಲಿಯೂ ಇದ್ದಾರೆ. ಈ ಓದು ಆಕರ್ಷಕವಾದುದು, ಆದರೆ ತಪ್ಪು.

1857ರಲ್ಲಿ ಬೇಡರಿಗೆ ಆಯುಧವೆಂದರೆ ಬೇಟೆ, ಕಾವಲು, ಮಾನ. ಅದನ್ನು ಕಸಿಯಹೊರಟ ಆಡಳಿತ ಎದುರು ನಿಂತವರ ಊರನ್ನೇ ಸುಟ್ಟಿತು, ಸೆರೆಸಿಕ್ಕವರನ್ನು ಗಲ್ಲಿಗೇರಿಸಿತು. 1878ರ ಶಸ್ತ್ರ ಕಾಯಿದೆ ಭಾರತೀಯನಿಗೆ ಪರವಾನಗಿಯನ್ನು ಕಡ್ಡಾಯ ಮಾಡಿ, ಯುರೋಪಿಯನ್ನನಿಗೆ ವಿನಾಯಿತಿ ಕೊಟ್ಟಿತು. ಲಾವಣಿಯ ಆಕ್ರೋಶ ಈ ಅಪನಂಬಿಕೆಯ ಮೇಲೆ; ನಿಯಮವೆಂಬುದರ ಮೇಲೆಯೇ ಅಲ್ಲ.

ರಾಷ್ಟ್ರೀಯ ಚಳವಳಿಯೂ ಈ ವ್ಯತ್ಯಾಸವನ್ನು ಬಲ್ಲುದಾಗಿತ್ತು. 1931ರ ಕರಾಚಿ ಅಧಿವೇಶನದ ಠರಾವು ಆಯುಧ ಹೊಂದುವ ಹಕ್ಕನ್ನು ಹೇಳುವಾಗಲೇ ಅದನ್ನು ನಿಯಮಗಳಿಗೆ ಒಳಪಡಿಸಿತು. 1948ರ ಡಿಸೆಂಬರಿನಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತರು ಸಂವಿಧಾನ ಸಭೆಯಲ್ಲಿ ಆ ಹಕ್ಕನ್ನು ಮೂಲಭೂತ ಹಕ್ಕುಗಳಲ್ಲಿ ಸೇರಿಸಬೇಕೆಂದಾಗ ಅಂಬೇಡ್ಕರರು ವಿರೋಧಿಸಿದರು. ಸಭೆ ಅದನ್ನು ಒಪ್ಪಲಿಲ್ಲ.

ಅಪರಾಧಿ ಪರವಾನಗಿ ಕೇಳಿ ಬರುವುದಿಲ್ಲ, ಆದ್ದರಿಂದ ಅದು ವ್ಯರ್ಥ ಎಂಬುದು ಇನ್ನೊಂದು ವಾದ. ಪರವಾನಗಿಯೇ ಇಲ್ಲವಾದರೆ ಕಳ್ಳಕೋವಿಯನ್ನು ಕಳ್ಳಕೋವಿಯೆಂದು ಗುರುತಿಸುವ ಬಗೆ ಯಾವುದು? ಯಾರ ಕೈಯಲ್ಲಿ ಯಾವ ಆಯುಧವಿದೆಯೆಂಬ ದಾಖಲೆ, ಕೊಡುವ ಮೊದಲಿನ ವಿಚಾರಣೆ, ದುರುಪಯೋಗವಾದರೆ ರದ್ದುಪಡಿಸುವ ಅಧಿಕಾರ: ಇವು ಸಣ್ಣ ಲಾಭಗಳಲ್ಲ. ಮನೆಯ ಜಗಳದಲ್ಲೋ ಹತಾಶೆಯಲ್ಲೋ ಕೋವಿಗೆ ಕೈಹಾಕುವವನು ವೃತ್ತಿಪರ ಅಪರಾಧಿಯಾಗಿರಬೇಕಿಲ್ಲ.

ಹಾಗೆಂದು ಇರುವ ವ್ಯವಸ್ಥೆಯನ್ನು ಹೊಗಳುವವರೊಡನೆಯೂ ನನ್ನ ಜಗಳವಿದೆ. 1959ರ ಕಾಯಿದೆಯ 13ನೆಯ ಕಲಮು, ನಿಜವಾಗಿಯೂ ಬೆಳೆರಕ್ಷಣೆಗಾಗಿ ಬೇಕಾದ ಕೇಪಿನ ಕೋವಿಗೆ ಉದಾರವಾಗಿದೆ. ಸಾಕಷ್ಟು ಆಸ್ತಿಯಿಲ್ಲವೆಂಬ ಒಂದೇ ಕಾರಣಕ್ಕೆ ಪರವಾನಗಿ ನಿರಾಕರಿಸಬಾರದೆಂದು 14ನೆಯ ಕಲಮು ಹೇಳುತ್ತದೆ. ನಿರಾಕರಣೆಯ ಕಾರಣಗಳನ್ನು ಬರೆದಿಡಬೇಕೆಂದೂ ಹೇಳುತ್ತದೆ. ಕಾನೂನಿನ ಅಕ್ಷರ ಹೀಗಿರುವಾಗ, ಹಂದಿ-ಮಂಗಗಳಿಂದ ತೋಟ ಕಾಯುವ ಸಣ್ಣ ರೈತ ಕಚೇರಿಯಿಂದ ಕಚೇರಿಗೆ ಏಕೆ ಅಲೆಯಬೇಕು? ಚುನಾವಣೆ ಬಂತೆಂದರೆ ಕಳಂಕವಿಲ್ಲದವನೂ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಾದ ಪ್ರಸಂಗ ಮಲೆನಾಡು, ಕರಾವಳಿಗಳಲ್ಲಿ ಹೊಸದಲ್ಲ. ಪ್ರಾಣಿಗಳಿಗೆ ನೀತಿಸಂಹಿತೆಯಿಲ್ಲ. ವ್ಯಕ್ತಿಯನ್ನು ನೋಡದೆ ಎಲ್ಲರನ್ನೂ ಶಂಕಿಸುವಲ್ಲಿ 1857ರ ನೆರಳು ಖಂಡಿತ ಇದೆ.

ಕೊಡಗಿನ ವಿನಾಯಿತಿಯನ್ನೂ ಇದೇ ಕಣ್ಣಿನಿಂದ ನೋಡಬೇಕು. 1861ರಲ್ಲಿ ಬ್ರಿಟಿಷರು ತಾವು ನಂಬಿದವರಿಗೆ ಕೊಟ್ಟ ಮನ್ನಣೆ ಅದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಸಲ್ಲುವ ಆ ವಿನಾಯಿತಿಯನ್ನು 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ಕೋವಿಯನ್ನು ಪೂಜಿಸುವ ಸಂಸ್ಕೃತಿಗೆ ಗೌರವ ಸಲ್ಲಲಿ. ಆದರೆ ಒಂದು ಸಮುದಾಯದ ಮೇಲೆ ಇಡಬಹುದಾದ ನಂಬಿಕೆಯನ್ನು, ವಿಚಾರಣೆ ಮಾಡಿ ನೋಡಿದ ಮೇಲೆ, ಒಬ್ಬ ರೈತನ ಮೇಲೇಕೆ ಇಡಲಾಗದು?

ಪರವಾನಗಿ ಇರಲಿ, ಬಿಗಿಯಾಗಿಯೇ ಇರಲಿ. ಅರ್ಜಿಗೆ ಅವಧಿಯಿರಲಿ, ನಿರಾಕರಣೆಗೆ ಲಿಖಿತ ಕಾರಣವಿರಲಿ, ಚುನಾವಣೆಯ ಆದೇಶ ವ್ಯಕ್ತಿಯನ್ನು ನೋಡಿ ಹೊರಡಲಿ. ಹಲಗಲಿಯ ಹೆಸರು ಹೇಳಿ ನಾವು ಕೇಳಬೇಕಾದುದು ಅಂಕೆಯಿಲ್ಲದ ಕೋವಿಯನ್ನಲ್ಲ, ಪ್ರಜೆಯನ್ನು ನಂಬಬಲ್ಲ ಕಾನೂನನ್ನು.